ಮುನ್ನೂರು ಬೋರ್‌ವೆಲ್ಲು, ಒಂದು ಸೂಪರ್ ಕಂಪ್ಯೂಟರು

ದೇಶದ ದೊಡ್ಡ ಕಂಪ್ಯೂಟರನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡವರು ಹೇಳುವ ಪ್ರಕಾರ ಅದು ಒಂದು ಕಂಪ್ಯೂಟರೇ ಅಲ್ಲವಂತೆ. ಬೀರುಗಳ ಹಾಗೆ ಸಾಲಾಗಿ ನಿಲ್ಲಿಸಿದ ನೂರಾರು ಕಂಪ್ಯೂಟರುಗಳು, ಅವುಗಳ ಮೈ ಕಾಯದ ಹಾಗೆ ಸದಾ ತಣ್ಣನೆಯ ಗಾಳಿ, ಒಳಗೆ ಹೋದರೆ ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ನನಗೆ ಗೊತ್ತಿದ್ದದ್ದು ಅದರ ಬಾಗಿಲು ಮಾತ್ರ. ಮಧುಗಿರಿಯ ಸರ್ಕಾರಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಆಸಿಡ್ ಬಾಟಲಿಗಳ ಕಪಾಟಿನ ಪಕ್ಕ ಒಂದು ಹಳೇ ಕಂಪ್ಯೂಟರಿದೆ. ಅದರ ಕಪ್ಪು ಪರದೆಯೇ ಆ ಬಾಗಿಲು. ಚಿತ್ರವಿಲ್ಲ, ಬಣ್ಣವಿಲ್ಲ. ಬಿಳಿ ಅಕ್ಷರದಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಎಲ್ಲೋ ದೂರದಲ್ಲಿರುವ ಆ ಬೀರುಗಳು ಕೆಲಸಕ್ಕಿಳಿಯುತ್ತವೆ ಎಂದು ನಂಬಬೇಕು. ನಾನು ನಂಬಿದೆ. ನಮ್ಮಪ್ಪ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟವೊಂದನ್ನು ಹಾಕಿದ ಮನುಷ್ಯ. ಅಂಥವರ ಮಗಳು ಆ ಕಪ್ಪು ಪರದೆಯನ್ನು ನಂಬಿದಷ್ಟು ನಮ್ಮಜ್ಜಿ ಮಾರಮ್ಮನನ್ನೂ ನಂಬಿರಲಿಕ್ಕಿಲ್ಲ.

ನನ್ನ ಸಂಶೋಧನೆಯ ವಿಷಯ ನೀರಿನಲ್ಲಿರುವ ಫ್ಲೋರೈಡ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ, ಒಬ್ಬರ ಹಲ್ಲು ಒಬ್ಬರು ನೋಡಿಕೊಂಡರೆ ಸಾಕು. ನನ್ನ ಹಲ್ಲಿನ ಮೇಲೂ ಕಂದು ಗೆರೆಗಳಿವೆ. ಒಮ್ಮೆ ಬೆಂಗಳೂರಿಗೆ ತರಬೇತಿಗೆ ಹೋದಾಗ ಜೊತೆಯಲ್ಲಿದ್ದ ಮೇಡಂ ಒಬ್ಬರು, ‘ಎಲೆ ಅಡಿಕೆ ಜಾಸ್ತಿ ಹಾಕ್ತೀರಾ?’ ಎಂದು ಕೇಳಿದರು. ‘ಇಲ್ಲ, ನೀರು ಜಾಸ್ತಿ ಕುಡೀತೀನಿ’ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಹಲ್ಲಿನದು ಬಿಡಿ, ಅದು ಬರೀ ಅಂದಚೆಂದ. ಮೂಳೆಗೆ ಇಳಿದರೆ ನಲವತ್ತಕ್ಕೇ ಬೆನ್ನು ಬಾಗುತ್ತದೆ, ಮಂಡಿ ಮಡಿಸಲಾಗುವುದಿಲ್ಲ. ಯಾವ ಊರಿನಲ್ಲಿ ಎಷ್ಟು ಅಡಿ ಆಳದಲ್ಲಿ ಕುಡಿಯಬಹುದಾದ ನೀರಿದೆ ಎಂದು ತೋರಿಸುವ ಒಂದು ನಕ್ಷೆ ಮಾಡಬೇಕು ಎಂಬುದು ನನ್ನ ಪಿಎಚ್‌ಡಿಯ ಆಸೆ.

ಆ ಲೆಕ್ಕ ನಮ್ಮ ಲ್ಯಾಬಿನ ಕಂಪ್ಯೂಟರಿಗೆ ಆಗುವಂಥದ್ದಲ್ಲ. ನೆಲದೊಳಗಿನ ಕಲ್ಲು ಹೀಗಿದ್ದರೆ ನೀರು ಹೇಗೆ ಹರಿಯುತ್ತದೆ, ಹಾಗಿದ್ದರೆ ಹೇಗೆ ಎಂದು ಒಂದೇ ಲೆಕ್ಕವನ್ನು ಸಾವಿರಾರು ಬಗೆಯಲ್ಲಿ ಮಾಡಿ ನೋಡಬೇಕು. ಒಂದು ಬಗೆಗೇ ನಮ್ಮದು ಮೂರು ದಿನ ಉಸ್ಸಪ್ಪಾ ಎಂದು ಕೂರುತ್ತಿತ್ತು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ವಿಶ್ವವಿದ್ಯಾಲಯದಲ್ಲಿರುವ ನನ್ನ ಗೈಡು ಒಂದು ದಿನ, ‘ಸಂಶೋಧಕರಿಗೇ ಅಂತ ಸರ್ಕಾರ ರಾಷ್ಟ್ರಮಟ್ಟದ ಕಂಪ್ಯೂಟರುಗಳನ್ನ ಇಟ್ಟಿದೆಯಲ್ಲಮ್ಮ, ಅರ್ಜಿ ಹಾಕಿ. ಐಐಟಿಯವರಿಗೆ ಎಷ್ಟು ಹಕ್ಕಿದೆಯೋ ನಿಮಗೂ ಅಷ್ಟೇ ಇದೆ’ ಎಂದರು. ಹಕ್ಕು ಎನ್ನುವ ಪದ ಕೇಳಿದರೆ ನಮ್ಮ ಮನೆಯವರಿಗೆ ಮೈಯೆಲ್ಲ ಕಿವಿಯಾಗುತ್ತದೆ. ಅವತ್ತೇ ಅರ್ಜಿ ತೆರೆದೆ.

ಅರ್ಜಿಯಲ್ಲಿ ಎಷ್ಟು ‘ಕೋರ್ ಅವರ್’ ಬೇಕು ಎಂದು ಕೇಳಿದ್ದರು. ಅದು ಏನೆಂದು ತಿಳಿಯಲು ಒಂದು ವಾರ ಹಿಡಿಯಿತು. ಕೊನೆಗೆ ನಾನೇ ಹೀಗೆ ಅರ್ಥ ಮಾಡಿಕೊಂಡೆ: ಒಂದು ಟ್ರ್ಯಾಕ್ಟರು ನಲವತ್ತು ಗಂಟೆ ಉತ್ತರೂ, ನಲವತ್ತು ಟ್ರ್ಯಾಕ್ಟರು ಒಂದೇ ಗಂಟೆ ಉತ್ತರೂ ಬಾಡಿಗೆ ನಲವತ್ತು ಗಂಟೆಯದೇ. ಇಷ್ಟು ಗಂಟೆ ಎಂದು ಒಮ್ಮೆ ಕೊಡುತ್ತಾರೆ, ಮುಗಿದರೆ ಮುಗಿಯಿತು. ಇನ್ನು ಕಾಲೇಜಿನ ಅಧಿಕೃತ ಇ-ಮೇಲಿನಿಂದಲೇ ಅರ್ಜಿ ಬರಬೇಕಂತೆ. ನಮ್ಮ ಕಾಲೇಜಿಗಿದ್ದದ್ದು ಹಿಂದಿನ ಪ್ರಿನ್ಸಿಪಾಲರು ತಮ್ಮ ಮಗಳ ಕೈಲಿ ಮಾಡಿಸಿದ ಬಿಟ್ಟಿ ವಿಳಾಸ. ಅದರ ಪಾಸ್‌ವರ್ಡು ಅವರ ಜೊತೆಗೇ ನಿವೃತ್ತಿಯಾಗಿತ್ತು. ಈಗಿನ ಪ್ರಭಾರಿ ಪ್ರಿನ್ಸಿಪಾಲರು ಅರ್ಜಿಯನ್ನು ಮೂರು ಸಲ ತಿರುವಿ ನೋಡಿ, ‘ಇದರಿಂದ ಕಾಲೇಜಿಗೆ ಏನೂ ತೊಂದ್ರೆ ಆಗಲ್ಲ ತಾನೆ?’ ಎಂದು ಕೇಳಿ ಮೊಹರು ಒತ್ತಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಎಲ್ಲ ಮುಗಿದು ಮಂಜೂರಾತಿ ಬರಲು ಒಂಬತ್ತು ತಿಂಗಳಾಯಿತು. ಬಸುರಿ ಆಗಿದ್ದರೆ ಮಗುವೇ ಬರುತ್ತಿತ್ತು ಎಂದು ಸ್ಟಾಫ್ ರೂಮಿನಲ್ಲಿ ನಗಾಡಿದರು.

ಅಷ್ಟರಲ್ಲಿ ನಾನು, ಅರ್ಜಿಗೆ ಮುಂಚಿನದೂ ಸೇರಿ, ಎರಡು ಬೇಸಿಗೆ ರಜೆಯನ್ನು ಸ್ಕೂಟರಿನ ಮೇಲೆ ಕಳೆದಿದ್ದೆ. ನಾಲ್ಕು ತಾಲ್ಲೂಕಿನ ಮುನ್ನೂರು ಬೋರ್‌ವೆಲ್ಲಿನ ನೀರು ಹಿಡಿದೆ. ದೊಡ್ಡೇರಿಯ ಕಡೆ ನನ್ನನ್ನು ನೀರಿನ ಕಂದಾಯ ಹಾಕಲು ಬಂದವಳೆಂದು ತಿಳಿದು ಪಂಪಿನ ಮನೆಗೆ ಬೀಗ ಹಾಕಿದರು. ಶಿರಾದ ಹೊರಗೆ ತೋಟದ ಯಜಮಾನರೊಬ್ಬರು, ‘ಬೇಟಿ, ಪಾನಿ ತಗೊಂಡ್ ಹೋಗು, ರಿಪೋರ್ಟ್ ಮಾತ್ರ ನಮಗೆ ಹೇಳಬ್ಯಾಡ, ಗೊತ್ತಾದ್ರೆ ಕುಡಿಯಕ್ಕೆ ಮನಸ್ಸು ಬರಲ್ಲ’ ಎಂದರು. ಸಿದ್ದರಬೆಟ್ಟದ ಬುಡದಲ್ಲಿ ಬಾಟಲಿಗಳನ್ನು ಸಾಲಾಗಿ ಇಟ್ಟು ಲೇಬಲ್ ಅಂಟಿಸುತ್ತಿದ್ದಾಗ ಬೆಟ್ಟ ಇಳಿದು ಬಂದ ಹೆಂಗಸೊಬ್ಬರು ತೀರ್ಥವೆಂದು ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕುಡಿದೇಬಿಟ್ಟರು. ಕೆಲವು ಬೀದಿಗಳಲ್ಲಿ ನೀರು ಕೊಡುವ ಮುಂಚೆ ‘ನೀವು ಯಾವ ಕಡೆಯೋರು?’ ಎಂದು ಕೇಳಿದರು. ಯಾವ ಕಡೆ ಎಂದರೆ ಯಾವ ಊರು ಎಂದಲ್ಲ. ಅದನ್ನು ತಿಳಿದುಕೊಂಡೇ ನಾನು ಊರಿನ ಹೆಸರು ಹೇಳುತ್ತಿದ್ದೆ.

ಪ್ರತಿ ಬೋರಿಗೂ ಒಂದು ಫಾರಂ. ನೀರಿನ ಉಪ್ಪು, ಕ್ಷಾರ, ಫ್ಲೋರೈಡ್ ಎಲ್ಲವನ್ನೂ ನಾನೇ ಅಳೆದೆ, ಒಂದೊಂದನ್ನು ಮೂರು ಸಲ. ಅಳೆಯಲು ಆಗದ್ದು ಒಂದೇ, ಬೋರಿನ ಆಳ. ಪಂಪು, ಪೈಪು ಇಳಿಬಿಟ್ಟ ಬೋರಿನೊಳಗೆ ಟೇಪು ಇಳಿಸುವುದು ಹೇಗೆ? ಅದನ್ನು ಮನೆಯವರನ್ನೇ ಕೇಳಿ ಬರೆದುಕೊಂಡೆ. ಅವರು ಒಮ್ಮೆ ಪಕ್ಕದಲ್ಲಿ ನಿಂತ ನೆರೆಯವನ ಕಡೆ ನೋಡಿ ತಕ್ಷಣ ಹೇಳುತ್ತಿದ್ದರು: ಇನ್ನೂರೈವತ್ತು, ಎಂಟುನೂರು, ಹೀಗೆ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

ಪಾವಗಡ ತಾಲ್ಲೂಕಿನಲ್ಲಿ, ಬಲಸಮುದ್ರದ ಆಚೆ, ನಮ್ಮಕ್ಕನನ್ನು ಕೊಟ್ಟ ಊರಿದೆ. ಸುತ್ತ ಕಣ್ಣು ಹಾಯುವಷ್ಟೂ ಸೋಲಾರ್ ಹಲಗೆ. ನಮ್ಮ ಭಾವ ಮಾತು ಬಲ್ಲವರು, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು. ಕೇರಿಯಿಂದ ಆ ಕುರ್ಚಿಗೆ ಹೋದವರು ಅವರೇ ಮೊದಲು. ಅವರ ಬೋರಿನ ನೀರನ್ನೂ ಹಿಡಿದೆ. ‘ಆಳ ಎಷ್ಟು ಭಾವ?’ ಎಂದೆ. ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದರು. ‘ಎರಡ್ನೂರ ಐವತ್ತು ಬರ್ಕೋ ಕಣಮ್ಮ’ ಎಂದರು. ದೊಡ್ಡ ಕಂಪ್ಯೂಟರಿನ ಸುದ್ದಿ ಹೇಳಿ, ಅದು ಒಂದು ಪೇಟೆಯಷ್ಟು ಕರೆಂಟು ತಿನ್ನುತ್ತದಂತೆ ಎಂದಾಗ ಭಾವ ಹಲಗೆಗಳ ಕಡೆ ಕೈ ತೋರಿಸಿ, ‘ಅಂಗಾದ್ರೆ ನಮ್ಮ ಬಿಸಿಲೇ ಅಲ್ಲಿ ನಿನ್ನ ಲೆಕ್ಕ ಮಾಡ್ತಾ ಐತೆ ಬುಡು’ ಎಂದು ನಕ್ಕರು.

ಖಾತೆ ಬಂದ ಮೇಲೆ ಎರಡು ದಿನ ಆನ್‌ಲೈನ್ ತರಬೇತಿ ಕೊಟ್ಟರು. ನನ್ನ ವಯಸ್ಸಿನವರು ಇನ್ನಾರೂ ಇದ್ದಂತೆ ಕಾಣಲಿಲ್ಲ. ‘ನಡುವೆ ನಮ್ಮ ನೆಟ್ ಹೋದರೆ ಕೆಲಸ ನಿಂತುಹೋಗುತ್ತಾ?’ ಎಂದು ನಾನೊಂದೇ ಪ್ರಶ್ನೆ ಕೇಳಿದ್ದು. ‘ಇಲ್ಲ ಮೇಡಂ, ಕೆಲಸ ನಡೆಯೋದು ಇಲ್ಲಿ. ನೀವು ಮನೆಗೆ ಹೋಗಿ ಮಲಗಿದರೂ ಅದು ನಡೀತಿರುತ್ತೆ’ ಎಂದಿತು ಒಂದು ದನಿ. ಹಾಲು ಕರೆಯುವುದರಿಂದ ಹಿಡಿದು ಡಿಗ್ರಿ ತರಗತಿಯ ಅಂಕಪಟ್ಟಿ ತನಕ ನಾನು ಕೈಬಿಟ್ಟರೆ ನಿಂತುಹೋಗುವ ಕೆಲಸಗಳನ್ನೇ ಮಾಡಿಕೊಂಡು ಬಂದವಳು. ನಾನಿಲ್ಲದಿದ್ದರೂ ನಡೆಯುವ ಕೆಲಸವೊಂದು ಈ ದೇಶದಲ್ಲಿ ನನ್ನ ಹೆಸರಿನಲ್ಲಿ ಇದೆ ಎನ್ನುವುದೇ ಒಂದು ಸುಖ.

ಆದರೆ ಅಲ್ಲೂ ಸರತಿ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನ ಬೀಗ ತೆಗೆದು ಪರದೆ ನೋಡಿದರೆ ನನ್ನ ಕೆಲಸದ ಎದುರು ‘ಪಿಡಿ’ ಎಂಬ ಎರಡಕ್ಷರ, ಅಂದರೆ ಪೆಂಡಿಂಗ್. ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದವಳಿಗೆ ಆ ಪದ ಹೊಸದಲ್ಲ. ಹವಾಮಾನದವರು, ಔಷಧಿಯವರು, ವಿಮಾನದವರು ಎಲ್ಲರೂ ನನಗಿಂತ ಮುಂದೆ ನಿಂತಿರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಪಿಡಿ ಹೋಗಿ ‘ಆರ್’ ಬಂದಿರುತ್ತಿತ್ತು, ಓಡುತ್ತಿದೆ ಎಂದು. ಆ ದಿನ ನಾನು ಪಾಠ ಚೆನ್ನಾಗಿ ಮಾಡುತ್ತಿದ್ದೆ ಎಂದು ವಿದ್ಯಾರ್ಥಿಗಳೇ ಹೇಳಿದ್ದಾರೆ.

ಹೀಗೆ ಒಂದು ವರ್ಷ. ಕೊಟ್ಟ ಗಂಟೆಗಳೆಲ್ಲ ಸವೆದು ಕೊನೆಯ ಹಿಡಿಯಷ್ಟು ಉಳಿದಾಗ ಉತ್ತರ ಬಂತು. ಉತ್ತರ ಉಲ್ಟಾ ಇತ್ತು. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇರುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮ ಸೀಮೆಯಲ್ಲಿ, ಅದರಲ್ಲೂ ಪಾವಗಡದ ಕಡೆ, ಮೇಲಿನ ನೀರೇ ಕೆಟ್ಟದ್ದು, ಆಳದ ನೀರೇ ಒಳ್ಳೆಯದು ಎಂದಿತು ನನ್ನ ನಕ್ಷೆ. ಮೇಲೆಲ್ಲ ಕೆಂಪು, ಎಂಟುನೂರು ಅಡಿಯ ಕೆಳಗೆ ಹಸಿರು. ಎರಡು ದಿನ ಹೆದರಿದೆ. ಆಮೇಲೆ ಗೈಡಿಗೆ ಕಳಿಸಿದೆ. ಅವರೇ ಫೋನು ಮಾಡಿ, ‘ಇದು ಹೊಸದಮ್ಮ, ಇದುವರೆಗೆ ಯಾರೂ ಹೇಳಿಲ್ಲ. ಸಾವಿರಾರು ಸಲ ಲೆಕ್ಕ ಮಾಡಿದರೂ ಅದೇ ಬಂದಿದೆ ಅಂದರೆ ಅದೇ ನಿಜ’ ಎಂದರು. ಹೆದರಿಕೆ ಹೋಗಿ ಸೊಕ್ಕು ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಜಾಮೂನು ಹಂಚಿದೆ. ಸಂಶೋಧಕರಿಗೆ ಕ್ಲೌಡಿನಲ್ಲಿ ಕೊಟ್ಟಿದ್ದ ಜಾಗದಲ್ಲಿ ನಕ್ಷೆ ಹಾಕಿ, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಮಾಡಿದೆ. ಇದು ಇನ್ನೂ ಪರಿಶೀಲನೆಯಲ್ಲಿದೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆ. ಯಾರಿಗಾಗಿ ಬರೆದೆನೋ! ಅಕ್ಕನಿಗೆ ಲಿಂಕ್ ಕಳಿಸಿದೆ. ಅವಳು ಭಾವನಿಗೆ ತೋರಿಸಿದಳು.

ಆ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತು ವರ್ಷ ದಾಟಿತ್ತು. ಶಾಲೆಯ ಹತ್ತಿರ ಒಂದು ಬೋರು ಕೊರೆಸಲು ಪಂಚಾಯಿತಿ ಒಪ್ಪಿತ್ತು. ಊರಿಗೂ ಅದೇ ನೀರು. ಎಲ್ಲಿ, ಎಷ್ಟು ಆಳ ಎಂದು ಶಾಲೆಯ ಜಗುಲಿಯಲ್ಲಿ ಸಭೆ ಸೇರಿದರು. ನೀರು ನೋಡುವ ಮುದುಕರೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿ, ಹಳೇ ಸೇದುವ ಬಾವಿಯ ಪಕ್ಕ ಕಾಯಿ ಎದ್ದು ನಿಂತಿತು, ಆಳಕ್ಕೆ ಹೋಗಬೇಡಿ ಎಂದರಂತೆ. ಆಗ ಭಾವ ಮೊಬೈಲು ತೆಗೆದು ನನ್ನ ನಕ್ಷೆ ತೋರಿಸಿದರು. ದೇಶದ ದೊಡ್ಡ ಕಂಪ್ಯೂಟರು ಹೇಳಿರೋದು ಎಂದರು. ಮೇಲಿನ ಬೀದಿಯ ಯಜಮಾನರೂ ಕನ್ನಡಕ ಹಾಕಿಕೊಂಡು ನೋಡಿ, ‘ಸರಿ, ಇದರಂಗೇ ಮಾಡಿ’ ಎಂದರಂತೆ. ಫೋನಿನಲ್ಲಿ ಭಾವ ಇದನ್ನು ಎರಡೆರಡು ಸಲ ಹೇಳಿದರು. ಆ ಹಳೇ ಬಾವಿಗೆ ನಮ್ಮಕ್ಕನ ಅತ್ತೆ ಬಿಂದಿಗೆ ಇಳಿಸುವ ಹಾಗಿರಲಿಲ್ಲ. ದೂರದಲ್ಲಿ ಕೂತು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯಬೇಕಿತ್ತು. ಈಗ ನೀರು ಎಲ್ಲಿದೆ ಎಂದು ಹೇಳಿದವರು ನಾವು, ಕೇಳಿದವರು ಅವರು.

ಒಂದು ವಾರದ ನಂತರ ಎರಡು ತರಗತಿಗಳ ನಡುವೆ ಭಾವನ ಫೋನು ಬಂತು. ‘ಮೇಲಿನ ನೀರೆಲ್ಲ ಕೆಂಪು ಅಂತ ಐತಲ್ಲ ಕಣಮ್ಮ, ಈ ಹಳೇ ಬಾವಿ ಯಾಕೆ ಸುಮ್ನೆ? ಮಕ್ಕಳು ಓಡಾಡೋ ಜಾಗ. ರಿಗ್‌ನೋರ ಕಲ್ಲುಮಣ್ಣು ಹೆಂಗೂ ಬೀಳ್ತದೆ, ಮುಚ್ಚಿಸಿಬುಡೋದಾ?’ ಆ ಬಾವಿಯ ನೀರನ್ನು ನಾನು ಹಿಡಿದೇ ಇರಲಿಲ್ಲ. ಅದು ಬೋರಲ್ಲವಲ್ಲ, ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ‘ಮುಚ್ಚಿಸಿ ಭಾವ’ ಎಂದು ಹೇಳಿ ತರಗತಿಗೆ ಹೋದೆ. ಇವತ್ತಿಗೂ ಆ ಎರಡು ಪದಗಳನ್ನು ನುಂಗಲು ಆಗುತ್ತಿಲ್ಲ.

ಒಂಬೈನೂರು ಅಡಿಗೆ ನೀರು ಬಂತು. ಮೂರು ಇಂಚು ನೀರು, ಹಾಲಿನಂತೆ ಬೆಳ್ಳಗೆ ಕಲ್ಲುಪುಡಿ ಬೆರೆತದ್ದು, ಆಳೆತ್ತರಕ್ಕೆ ಚಿಮ್ಮಿತು. ಕಾಯಿ ಒಡೆದರು, ಸಿಹಿ ಹಂಚಿದರು. ಭಾವ ನನ್ನ ನಕ್ಷೆಯನ್ನು ಫ್ಲೆಕ್ಸ್ ಮಾಡಿಸಿ ಶಾಲೆಯ ಗೋಡೆಗೆ ಹಾಕಿಸಿದರು. ಕೆಳಗೆ ದೊಡ್ಡದಾಗಿ ನನ್ನ ಡಿಗ್ರಿಗಳು, ಇನ್ನೂ ಬಾರದ ಡಾಕ್ಟರೇಟೂ ಸೇರಿ. ಪಂಪು ಇಳಿಸಿ ಹದಿನೈದು ದಿನವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ನಾನು ನೀರು ಪರೀಕ್ಷಿಸುವ ಕಿಟ್ ತಗೊಂಡು ಹೋದೆ. ಹೋದದ್ದು ಪರೀಕ್ಷೆಗಲ್ಲ, ಹೊಗಳಿಸಿಕೊಳ್ಳುವುದಕ್ಕೆ. ನಿಜ ಹೇಳಬೇಕಲ್ಲ.

ಆ ಕಿಟ್‌ನಲ್ಲಿ ಒಂದು ಕೆಂಪು ದ್ರಾವಣ ಇರುತ್ತದೆ. ನೀರಿಗೆ ಹಾಕಿದಾಗ ಕೆಂಪು ಹಾಗೇ ನಿಂತರೆ ನೀರು ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ನನ್ನ ಕೈಯಲ್ಲಿದ್ದ ಕೊಳವೆ ನೋಡನೋಡುತ್ತ ಅರಿಸಿನದ ನೀರಾಯಿತು. ದ್ರಾವಣ ಹಳೆಯದಿರಬೇಕು ಎಂದು ಇನ್ನೊಂದು ಸಲ ಮಾಡಿದೆ. ಇನ್ನೊಂದು ಸಲ. ಬಾಟಲಿ ತುಂಬಿಕೊಂಡು ಮಧುಗಿರಿಗೆ ಬಂದು ಸೋಮವಾರ ಲ್ಯಾಬಿನ ಮೀಟರಿನಲ್ಲಿ ನೋಡಿದೆ. ಮುನ್ನೂರು ಬೋರುಗಳಲ್ಲಿ ಅಷ್ಟು ಕೆಟ್ಟ ನೀರು ನನಗೆ ಬೆರಳೆಣಿಕೆಯಷ್ಟು ಕಡೆ ಮಾತ್ರ ಸಿಕ್ಕಿತ್ತು.

ಮತ್ತೆ ಅಕ್ಕನ ಊರಿಗೆ ಹೋದೆ. ಭಾವ ಒಬ್ಬರೇ ಇದ್ದರು. ಫಾರಮ್ಮುಗಳ ಕಟ್ಟು ಬಿಚ್ಚಿ, ಏನು ತಪ್ಪಾಗಿದೆಯೋ ಎಂದು ಸುಮ್ಮನೆ ಅವರದೇ ಫಾರಂ ಓದಿದೆ. ಆಳ ಇನ್ನೂರೈವತ್ತು.

‘ಅದು ಏಳ್ನೂರ ಎಂಬತ್ತು ಕಣಮ್ಮ’ ಎಂದರು ಭಾವ, ಬೀಡಿ ಹಚ್ಚುತ್ತ.

‘ಇನ್ನೂರೈವತ್ತು ಅಂದಿದ್ರಲ್ಲ ಭಾವ?’

‘ಅವತ್ತು ಜಗುಲಿ ಮ್ಯಾಲೆ ಜನ ಕುಂತಿದ್ರಲ್ಲ. ನಿಜಂ ಎವರು ಚೆಪ್ತಾರು, ನಿಜ ಯಾರು ಹೇಳ್ತಾರೆ? ಏಳ್ನೂರ ಎಂಬತ್ತು ಅಂದ್ರೆ ಪಕ್ಕದೋನು ಒಂಬೈನೂರು ಹೊಡಿಸ್ತಾನೆ, ನನ್ನ ನೀರು ಅವನಿಗೆ ಹೋಯ್ತದೆ. ಇನ್ನು ನೂರಡಿಗೇ ಸಿಹಿ ನೀರು ಸಿಕ್ಕಿರೋನು ಏನಂತಾನೆ? ಎಂಟ್ನೂರು ಹೋದೆ ಮಾರಾಯ, ಕಷ್ಟ ಬಿದ್ದೆ ಅಂತಾನೆ. ಇಲ್ಲಾಂದ್ರೆ ಅವನ ಸುತ್ತ ಹತ್ತು ಬೋರು ಬೀಳ್ತವೆ. ಇದು ಎಲ್ರಿಗೂ ಗೊತ್ತಿರೋದೇ ಅಲ್ವಾ?’

ಗೊತ್ತಿರುವುದೇ. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡೇರಿ ಹೋಬಳಿಯ ನಮ್ಮ ಊರಿನಲ್ಲಿ ಅಪ್ಪ ಬೋರು ಹೊಡಿಸಿದರು. ನೂರ ಎಂಬತ್ತು ಅಡಿಗೆ ನೀರು. ಅವ್ವ ರಿಗ್ಗಿನವರಿಗೆ ಕೋಳಿ ಕುಯ್ದು ಉಣ್ಣಲಿಕ್ಕಿ ಬಾಯಿ ಮುಚ್ಚಿಸಿದಳು. ‘ಯಾರಾದ್ರೂ ಕೇಳಿದ್ರೆ ಆರ್ನೂರು ಅನ್ನು’ ಎಂದು ಅಪ್ಪ ನನಗೆ ಹೇಳಿಕೊಟ್ಟರು. ಸ್ಕೂಲಿನಲ್ಲಿ ಕೇಳಿದವರಿಗೆಲ್ಲ ನಾನು ಆರುನೂರು ಎಂದೇ ಹೇಳಿದ್ದೆ, ಕಣ್ಣು ಮಿಟುಕಿಸದೆ. ಬೆಂಗಳೂರಿನ ಯಾವಳೋ ಈ ತಪ್ಪು ಮಾಡಿದ್ದರೆ ಪರಕೀಯಳು, ಅವಳಿಗೇನು ಗೊತ್ತು ಎನ್ನಬಹುದಿತ್ತು. ಇದೇ ನೆಲದಲ್ಲಿ ಹುಟ್ಟಿ, ಇದೇ ಸುಳ್ಳನ್ನು ಬಾಯಾರೆ ಹೇಳಿದವಳು, ಕೈಗೆ ಒಂದು ಫಾರಂ ಬಂದ ಕೂಡಲೇ ಎಲ್ಲರೂ ನಿಜ ಹೇಳುತ್ತಾರೆಂದು ಹೇಗೆ ನಂಬಿದೆ? ಆಳದವರೆಲ್ಲ ಕಡಿಮೆ ಹೇಳಿದರು, ಮೇಲಿನವರೆಲ್ಲ ಹೆಚ್ಚು ಹೇಳಿದರು. ಇಡೀ ಸೀಮೆ ನನ್ನ ಫಾರಮ್ಮಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಆ ಯಂತ್ರ ತನ್ನ ಸಾವಿರಾರು ಗಂಟೆಗಳನ್ನು ಸುರಿದು, ಒಂದು ಚುಕ್ಕೆಯೂ ತಪ್ಪದೆ, ಅದನ್ನೇ ಬಣ್ಣ ಬಳಿದು ಕೊಟ್ಟಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರಲ್ಲ, ಅದೂ ಅಲ್ಲ. ಅಲ್ಲಿ ಬರೀ ಹಣ್ಣು ಹಾಳು.

ಭಾವನಿಗೆ ವಿವರಿಸಿದೆ. ಅವರು ಬೀಡಿ ಆರಿಸಿದರು. ‘ಅಲ್ಲ ಕಣಮ್ಮ, ಅಷ್ಟು ದೊಡ್ಡ ಮಿಷನ್ನು. ಸುಳ್ಳು ಯಾವ್ದು, ನಿಜ ಯಾವ್ದು ಅಂತ ಅದಕ್ಕೆ ಗೊತ್ತಾಗಕಿಲ್ವಾ? ನಾನೊಬ್ಬ ಹೇಳಿದ್ದನ್ನ ಅದು ಸರಿ ಮಾಡ್ಕಂತದೆ ಅಂದ್ಕೊಂಡಿದ್ದೆ.’ ಬಹುಶಃ ಮುನ್ನೂರು ಮನೆಯವರೂ ಹಾಗೇ ಅಂದುಕೊಂಡಿದ್ದರು. ನಾನೂ.

ಸರಿಪಡಿಸಲು ನೋಡಿದೆ. ಹತ್ತು ಹದಿನೈದು ಮನೆಗೆ ಮತ್ತೆ ಹೋಗಿ, ಕೈ ಮುಗಿದು, ನಿಜವಾದ ಆಳ ಹೇಳಿ ಎಂದೆ. ಎರಡನೇ ಸಲ ಯಾಕೆ ಕೇಳುತ್ತಿದ್ದಾಳೆ, ಏನೋ ಕಾನೂನು ಬಂದಿರಬೇಕು ಎಂದು ಅನುಮಾನಪಟ್ಟು ಮೂರನೆಯದೇ ಒಂದು ಸಂಖ್ಯೆ ಹೇಳಿದರು. ಹೊಸದಾಗಿ ಗಂಟೆಗಳು ಬೇಕೆಂದು ಅರ್ಜಿ ಹಾಕಿದೆ. ಹಿಂದಿನ ಮಂಜೂರಾತಿಯ ಫಲಿತಾಂಶವನ್ನು ಪ್ರಕಟಿಸಿದ ದಾಖಲೆ ಕೊಡಿ, ಮುಂದಿನ ಸುತ್ತಿನಲ್ಲಿ ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಸುಳ್ಳನ್ನು ಪ್ರಕಟಿಸಿದರೆ ನಿಜ ಹುಡುಕಲು ಯಂತ್ರ ಸಿಗುತ್ತದೆ. ಗೈಡು, ‘ನಿಮ್ಮ ಮಾಡೆಲ್ ಸರಿಯಾಗೇ ಇದೆಯಲ್ಲಮ್ಮ, ಡೇಟಾ ಎಲ್ಲರದೂ ಹೀಗೇ ಇರುತ್ತೆ. ಥೀಸಿಸ್ ಬರೆದು ಮುಗಿಸಿ’ ಎಂದರು. ಬರೆಯಲಿಲ್ಲ. ನೋಂದಣಿಯ ಅವಧಿ ಮುಗಿಯಿತು, ಖಾತೆ ಮುಚ್ಚಿತು, ಕ್ಲೌಡಿನಲ್ಲಿದ್ದ ನಕ್ಷೆ ತನ್ನಷ್ಟಕ್ಕೆ ಅಳಿಸಿಹೋಯಿತು. ಶಾಲೆಯ ಗೋಡೆಯ ಮೇಲಿನ ಫ್ಲೆಕ್ಸು ಅಳಿಯಲಿಲ್ಲ.

ಊರಿಗೆ ಹೇಳಲೇಬೇಕಿತ್ತು. ಹೇಳುತ್ತೇನೆ ಎಂದಾಗ ಭಾವ ನನ್ನ ಮುಂದೆ ಕೂತು, ದನಿ ತಗ್ಗಿಸಿ, ‘ಬ್ಯಾಡ ಕಣಮ್ಮ. ನಮ್ಮ ಮಾತು ಊರು ಕೇಳಿದ್ದು ಇದೇ ಮೊದಲ್ನೇ ಸಲ. ಈ ನೀರು ಕುಡಿದು ನಾಳೆಗೇ ಯಾರೂ ಸಾಯಕಿಲ್ಲ. ಹತ್ತು ವರ್ಷ ಆಯ್ತದೆ ಅಂತ ನೀನೇ ಅಂತೀಯ. ಅಷ್ಟರಲ್ಲಿ ಏನಾದ್ರೂ ಮಾಡನ’ ಎಂದರು. ಭಾವ ಯಾರ ಮುಂದೆಯೂ ಹಾಗೆ ಕೇಳಿಕೊಂಡವರಲ್ಲ. ಆದರೂ ನಾನು ಹೇಳಿದೆ. ಶಾಲೆಯಲ್ಲಿ ಅರವತ್ತು ಮಕ್ಕಳಿದ್ದಾರೆ. ಅವರ ಬಾಯಿ ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಅದೇ ಜಗುಲಿಯಲ್ಲಿ ನಿಂತು, ತಪ್ಪು ನನ್ನದು, ಆಳದ ಲೆಕ್ಕ ತಪ್ಪಾಗಿದೆ, ಈ ನೀರು ಕುಡಿಯಬೇಡಿ ಎಂದೆ. ಹೆಡ್ಮೇಷ್ಟ್ರು ಬರವಣಿಗೆಯಲ್ಲಿ ಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದರು. ನೀವೆಲ್ಲ ಸುಳ್ಳು ಹೇಳಿದ್ದರಿಂದ ಹೀಗಾಯಿತು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ. ಮೇಲಿನ ಬೀದಿಯ ಯಜಮಾನರು ಎದ್ದು ಪಂಚೆ ಕೊಡವಿಕೊಂಡರು. ನನ್ನನ್ನು ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಯಾರಿಗೋ ಹೇಳುವವರಂತೆ, ‘ಅದಕ್ಕೇ ಮೊದ್ಲೇ ಅಂದಿದ್ದು, ಇವರ ಮಾತು ಕೇಳ್ಕೊಂಡು ಇದ್ದ ಬಾವೀನೂ ಮುಚ್ಚಿಸ್ಕೊಂಡ್ವಿ’ ಎಂದು ಮೆಟ್ಟಿಲಿಳಿದರು. ಒಬ್ಬೊಬ್ಬರೇ ಎದ್ದರು. ಭಾವ ಮುಂದಿನ ತಿಂಗಳು ಅಧ್ಯಕ್ಷಗಿರಿ ಬಿಟ್ಟರು. ಬಿಡಿಸಿದರು ಎಂದರೂ ತಪ್ಪಿಲ್ಲ.

ಮುಚ್ಚಿದ ಬಾವಿಯನ್ನು ಮತ್ತೆ ತೋಡಿಸಬಹುದೇ ಎಂದು ಕೇಳಿದೆ. ರಿಗ್ಗಿನ ಕಲ್ಲುಪುಡಿ ಸಿಮೆಂಟಿನಂತೆ ಕೂತುಬಿಟ್ಟಿದೆಯಂತೆ.

ಇದಾಗಿ ಒಂದೂವರೆ ವರ್ಷ. ಮೇಲೆ ಕಳಿಸಿದ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಮೇಲಿನ ಬೀದಿಯವರು ನನ್ನ ಮಾತನ್ನು ನಂಬಿದರು. ಅದೇ ನನಗೆ ಆಶ್ಚರ್ಯ. ಗಾಡಿ ಇದ್ದವರು ಪಕ್ಕದೂರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ತರುತ್ತಾರೆ, ತಮ್ಮ ಮಕ್ಕಳ ಬ್ಯಾಗಿಗೆ ಬಾಟಲಿ ಹಾಕಿ ಕಳಿಸುತ್ತಾರೆ. ಕೇರಿಯಲ್ಲಿ ಗಾಡಿ ಇರುವುದು ಎರಡು ಮನೆಗೆ, ಅವರೂ ಕೂಲಿಗೆ ಹೋದರೆ ಬರುವುದು ಸಂಜೆಗೆ. ಶಾಲೆಯ ಬೋರಿನ ನೀರು ಈಗ ಕುಡಿಯುವುದು ನಮ್ಮವರು ಮಾತ್ರ. ಊರಿನಲ್ಲಿ ಅದಕ್ಕೆ ‘ಕೇರಿಯೋರ ಬೋರು’ ಎಂದೇ ಹೆಸರಾಗಿದೆ. ನಲ್ಲಿಯ ಹತ್ತಿರ ಯಾರೂ ಯಾರನ್ನೂ ತಡೆಯುವುದಿಲ್ಲ, ಕಾಯಿಸುವುದಿಲ್ಲ. ಬಿಂದಿಗೆ ಇಟ್ಟರೆ ತುಂಬುತ್ತದೆ.

ಹೋದ ತಿಂಗಳು ಹೋಗಿದ್ದೆ. ಅಕ್ಕನ ಮೊಮ್ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೊಳೆಯುತ್ತಿವೆ. ‘ಅಜ್ಜೀ ನೋಡು’ ಎಂದು ಬಾಯಿ ತೆರೆದು ತೋರಿಸಿದಳು. ನಾನು ಬೆಳಕಿಗೆ ತಿರುಗಿಸಿ ನೋಡಲಿಲ್ಲ. ಮಧುಗಿರಿಯಿಂದ ಸ್ಕೂಟರಿನಲ್ಲಿ ಒಂದು ಕ್ಯಾನು ಒಳ್ಳೆಯ ನೀರು ಕಟ್ಟಿಕೊಂಡು ಹೋಗಿದ್ದೆ. ಅಕ್ಕ ಅದನ್ನು ಮೂಲೆಗಿಟ್ಟು, ‘ಇದು ಎರಡು ದಿನಕ್ಕೆ ಆಯ್ತದೆ ಕಣೇ, ಆಮೇಲೆ?’ ಎಂದಳು. ಬೋರಿನ ನೀರಲ್ಲೇ ಎಸರಿಟ್ಟು ಮುದ್ದೆ ತಿರುವಿ, ಅದೇ ನೀರಿನ ಸಾರು ಬಿಟ್ಟು, ನನ್ನ ಮುಂದೆ ತಟ್ಟೆ ಇಟ್ಟಳು. ನಾನು ಉಂಡೆ.